ಐದು ದಿನದಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿ: ಅಪ್ಪ-ಅಮ್ಮ, ಮಕ್ಕಳ ಜೊತೆ ಆಗುತ್ತದೆಯೇ?

ಜುಲೈನಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಚಿಕ್ಕ ಮಕ್ಕಳಿಬ್ಬರು ಇದ್ದಾರೆ, ಡಬ್ಲಿನ್‌ನಿಂದ ಕಾರಿನಲ್ಲಿ ಹೊರಟು ಐದು ದಿನದಲ್ಲಿ 'ವೈಲ್ಡ್ ಅಟ್ಲಾಂಟಿಕ್ ವೇ' ಮುಗಿಸಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಉತ್ತರದ ಡೊನೆಗಾಲ್‌ನಿಂದ ದಕ್ಷಿಣದ ಕಿನ್ಸೇಲ್‌ವರೆಗೆ ಸುಮಾರು 2,500 ಕಿ.ಮೀ. ಉದ್ದದ ಕರಾವಳಿ ದಾರಿ ಅದು. ನೈಋತ್ಯ ಮೂಲೆಯ ಕೆರ್ರಿ ಜಿಲ್ಲೆಯೊಂದನ್ನೇ ಹಿಡಿದುಕೊಳ್ಳಿ: ಕಿಲಾರ್ನಿಯಲ್ಲಿ ಎರಡು ರಾತ್ರಿ, ಡಿಂಗಲ್‌ನಲ್ಲಿ ಎರಡು. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವುದಿದ್ದರೆ ವಯಸ್ಸಾದವರು ಎರಡನೇ ದಿನಕ್ಕೇ ಸೋತುಹೋಗುತ್ತಾರೆ.

ಎಲ್ಲರೂ 'ರಿಂಗ್ ಆಫ್ ಕೆರ್ರಿ' ಸುತ್ತಿ ಎನ್ನುತ್ತಾರೆ. 179 ಕಿ.ಮೀ. ಸುತ್ತು ಅದು, ಇಡೀ ದಿನ ಕಾರಲ್ಲೇ ಕಳೆಯುತ್ತದೆ. ಬದಲಿಗೆ ಕಿಲಾರ್ನಿಯಿಂದ ಲೇಡೀಸ್ ವ್ಯೂ, ಮೋಲ್ಸ್ ಗ್ಯಾಪ್ ದಾಟಿ ಕೆನ್ಮೇರ್‌ವರೆಗೆ ಹೋಗಿ ಬನ್ನಿ. ಲೇಡೀಸ್ ವ್ಯೂನಲ್ಲಿ ಕಾರು ನಿಲ್ಲಿಸಿದರೆ ಸಾಕು, ಕೆರೆಗಳೂ ಬೆಟ್ಟಗಳೂ ಕಣ್ಣೆದುರೇ ಇರುತ್ತವೆ, ಮಂಡಿನೋವಿನವರು ನಡೆಯಬೇಕಿಲ್ಲ. ಮಕ್ಕಳಿಗೆ ಮಕ್ರಾಸ್ ಹೌಸ್ ತೋಟ, ಟಾರ್ಕ್ ಜಲಪಾತ.

ನನಗೆ ಅತಿ ಇಷ್ಟದ್ದು ಡಿಂಗಲ್ ಪಕ್ಕದ ಸ್ಲೇ ಹೆಡ್ ದಾರಿ. ಪ್ರದಕ್ಷಿಣೆ ಹಾಕುವಂತೆ ಎಡದಿಂದ ಬಲಕ್ಕೇ ಸುತ್ತಿ. ಬಸ್ಸುಗಳೂ ಹಾಗೇ ಹೋಗುವುದರಿಂದ ಕಿರಿದಾದ ತಿರುವಿನಲ್ಲಿ ಎದುರುಬದುರಾಗುವ ಕಷ್ಟ ಕಡಿಮೆ, ಸಮುದ್ರವೂ ಎಡಗಡೆಗೇ ಸಿಗುತ್ತದೆ. ಅಮ್ಮನನ್ನು ಎಡಕಿಟಕಿಗೆ ಕೂರಿಸಿ. ಒಂದು ಕಡೆ ತೊರೆ ರಸ್ತೆಯ ಮೇಲೆಯೇ ಹರಿಯುತ್ತದೆ, ಮಕ್ಕಳು ಕಿರುಚಿ ಕುಣಿಯುತ್ತಾರೆ. ಎದುರಿನ ಬ್ಲಾಸ್ಕೆಟ್ ದ್ವೀಪದಲ್ಲಿ 1953ರವರೆಗೂ ಜನ ಬದುಕಿದ್ದರು. ಆಮೇಲೆ ಅಲ್ಲಿ ಉಳಿಯಲಾಗದೆ ಈಚೆ ದಡಕ್ಕೆ ಬಂದರು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗ್ಯಾಲರಸ್ ಪ್ರಾರ್ಥನಾಮಂದಿರವನ್ನು ಅಪ್ಪನಿಗೆ ತಪ್ಪದೆ ತೋರಿಸಿ. ಕಡಲಂಚಿನ ಕಡಿದಾದ ಬಂಡೆಗಳಿಗೆ ಹೆಸರಾದ ಕ್ಲಿಫ್ಸ್ ಆಫ್ ಮೋಹರ್ ಈ ಸಲ ಬೇಡ, ಡಬ್ಲಿನ್‌ನಿಂದ ಇನ್ನೊಂದು ದಿನ ಹೋಗಿಬರಬಹುದು.

ಹಳ್ಳಿರಸ್ತೆಗಳ ವೇಗಮಿತಿಯನ್ನು 2025ರಲ್ಲಿ ಗಂಟೆಗೆ 80 ಕಿ.ಮೀ.ನಿಂದ 60ಕ್ಕೆ ಇಳಿಸಿದ್ದಾರೆ. ಎಷ್ಟೋ ಕಡೆ 40ರಲ್ಲಿ ಹೋಗುವುದೂ ಕಷ್ಟ, ಹಾಗಾಗಿ ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ಊಟದ ವಿಷಯ ಸ್ವಲ್ಪ ಎಚ್ಚರ. ಪಬ್‌ಗಳಲ್ಲಿ ತರಕಾರಿ ಸೂಪು, ಸೋಡಾ ಬ್ರೆಡ್ಡು ಸಿಗುತ್ತವೆ, ಆದರೆ ಸೂಪಿಗೆ ಕೋಳಿಯ ರಸ ಹಾಕಿದ್ದಾರಾ ಎಂದು ಕೇಳಿಯೇ ತಗೊಳ್ಳಿ. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆಂದು ಸುತ್ತುತ್ತಾ ಕೂತರೆ ಅಷ್ಟರಲ್ಲಿ ಅಡುಗೆಮನೆ ಮುಚ್ಚಿರುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆಯೇ ವಾಸಿ. ಅಕ್ಕಿ, ಸಾರಿನ ಪುಡಿ, ಚಿಕ್ಕ ಕುಕ್ಕರ್ ಡಿಕ್ಕಿಯಲ್ಲಿರಲಿ. ಕೊಡೆ ಬೇಡ, ಆ ಗಾಳಿಗೆ ನಿಲ್ಲುವುದಿಲ್ಲ. ಎಲ್ಲರಿಗೂ ಟೋಪಿ ಇರುವ ಮಳೆಕೋಟು ತಗೊಳ್ಳಿ.