ಸಣ್ಣ ಖಾಸಗಿ ವಿಮಾನಗಳು ಬೀಳುವುದು ಯಾಕೆ?

ಎಂಜಿನ್ ಕೈಕೊಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಿನ ಸಲ ವಿಮಾನ ಸರಿಯಾಗಿಯೇ ಇರುತ್ತದೆ. ತಪ್ಪುವುದು ಪೈಲಟ್‌ನ ಲೆಕ್ಕಾಚಾರ.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಮ್ಮ ಪೈಪರ್ ಸಾರಟೋಗಾ ಎಂಬ ಸಣ್ಣ ವಿಮಾನದಲ್ಲಿ ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ಹೊರಟರು. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಹತ್ತಿರ ಸಮುದ್ರಕ್ಕೆ ಬಿದ್ದು ಮೂವರೂ ತೀರಿಕೊಂಡರು. ಕೆಳಗೆ ಕಪ್ಪು ನೀರು, ಸುತ್ತ ಮಬ್ಬು, ದಿಗಂತವೇ ಕಾಣದು. ಆಗ ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳುತ್ತದೆ. ವಿಮಾನ ಒಂದು ಕಡೆ ವಾಲಿ ಇಳಿಯುತ್ತಿದ್ದರೂ ನೆಟ್ಟಗೆ ಹೋಗುತ್ತಿದೆ ಅನ್ನಿಸುತ್ತದೆ. ಬರೀ ಮೀಟರ್ ನಂಬಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಅರ್ಹತೆ ಕೆನಡಿಯವರಿಗೆ ಇರಲಿಲ್ಲ. ತನಿಖೆಯವರು ಬೆರಳು ತೋರಿಸಿದ್ದು ಈ ದಿಕ್ಕು ತಪ್ಪುವಿಕೆಗೇ.

ಇನ್ನೊಂದು ಅಪಾಯ ಇಳಿಯುವ ಮುಂಚಿನ ಕೊನೆಯ ತಿರುವು. ರನ್‌ವೇ ದಾಟಿಹೋಯಿತು ಅಂತ ಗಾಬರಿಯಲ್ಲಿ ಜೋರಾಗಿ ತಿರುಗಿಸಿ ಮೂತಿ ಎತ್ತಿದರೆ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತದೆ. ಅಷ್ಟು ಕೆಳಗೆ ಸುಧಾರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ಇಂಧನ ಮುಗಿದು ಬೀಳುವುದೂ ಉಂಟು, ನಂಬುವುದು ಕಷ್ಟ! ಕೆಲವೊಮ್ಮೆ ಒಂದು ಟ್ಯಾಂಕ್ ಖಾಲಿ, ಪಕ್ಕದ್ದು ಅರ್ಧ ತುಂಬಿರುತ್ತದೆ. ಇಂಧನ ಯಾವ ಟ್ಯಾಂಕ್‌ನಿಂದ ಬರಬೇಕೆಂದು ಆರಿಸುವ ಸೆಲೆಕ್ಟರ್ ತಿರುಗಿಸುವುದನ್ನೇ ಮರೆತಿರುತ್ತಾರೆ.