ಸಿನಿಮಾ ಪ್ರಶ್ನೋತ್ತರ: 1950ರ ಐವರು ನಾಯಕಿಯರು

1951ರ ಮಾರ್ಚ್ 29ರಂದು ನಡೆದ 23ನೇ ಆಸ್ಕರ್ ಸಮಾರಂಭದ ನಾಯಕನಟಿ ಪಟ್ಟಿಯನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೆವು. ‘ಆಲ್ ಅಬೌಟ್ ಈವ್’ ಚಿತ್ರದಿಂದ ಬೆಟ್ಟಿ ಡೇವಿಸ್ ಮತ್ತು ಆ್ಯನ್ ಬ್ಯಾಕ್ಸ್‌ಟರ್, ‘ಸನ್‌ಸೆಟ್ ಬುಲೆವಾರ್ಡ್’ನಿಂದ ಗ್ಲೋರಿಯಾ ಸ್ವಾನ್ಸನ್, ‘ಬಾರ್ನ್ ಯೆಸ್ಟರ್‌ಡೇ’ಯಿಂದ ಜೂಡಿ ಹಾಲಿಡೇ, ‘ಕೇಜ್ಡ್’ನಿಂದ ಎಲಿನಾರ್ ಪಾರ್ಕರ್. ಗೆದ್ದವರು ಹಾಲಿಡೇ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರ: ಪಟ್ಟಿ ಕೊಟ್ಟು ಸುಮ್ಮನಾದಿರಿ. ನಿಮ್ಮ ಪ್ರಕಾರ ಯಾರು ಮೊದಲು, ಯಾರು ಕೊನೆ? ಕಾರಣವನ್ನೂ ಬರೆಯಿರಿ.
— ಓದುಗರು, ಹಾಸನ

ಉ: ಡೇವಿಸ್, ಹಾಲಿಡೇ, ಸ್ವಾನ್ಸನ್, ಪಾರ್ಕರ್, ಬ್ಯಾಕ್ಸ್‌ಟರ್. ಮೊದಲ ಇಬ್ಬರ ನಡುವೆ ಕೂದಲೆಳೆಯ ಅಂತರ. ಮೂರನೆಯವರಿಗೂ ನಾಲ್ಕನೆಯವರಿಗೂ ಮಾತ್ರ ದೂರ ಸಾಕಷ್ಟಿದೆ.

ಮಾರ್ಗೊ ಚಾನಿಂಗ್ ರಂಗಭೂಮಿಯ ಮಹಾನಟಿ ಎಂದು ಚಿತ್ರದಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಅವಳು ರಂಗದ ಮೇಲೆ ಪಾತ್ರ ಮಾಡುವುದನ್ನು ಚಿತ್ರ ನಮಗೆ ತೋರಿಸುವುದೇ ಇಲ್ಲ. ಅವಳ ದೊಡ್ಡಸ್ತಿಕೆಯನ್ನು ಡೇವಿಸ್ ಗ್ರೀನ್ ರೂಮಿನಲ್ಲಿ, ಮನೆಯ ಹಾಲಿನಲ್ಲಿ, ಜಗಳದ ನಡುವೆ ನಂಬಿಸಬೇಕು. ಪಾರ್ಟಿಗೆ ಮುಂಚಿನ ಜಗಳವನ್ನೇ ನೋಡಿ. ಮಾರ್ಗೊಳ ಪ್ರಿಯಕರ ಬಿಲ್ ಜೊತೆ ಮಾತಿಗೆ ಮಾತು ಬೆಳೆಯುತ್ತಿರುವಾಗ ಡೇವಿಸ್ ಕೈ ಚಾಕೊಲೇಟ್ ಡಬ್ಬಿಗೆ ಹೋಗುತ್ತದೆ. ಒಂದನ್ನು ಎತ್ತುತ್ತಾರೆ, ಬೇಡವೆಂದು ಇಡುತ್ತಾರೆ. ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಹಾಕಿಕೊಂಡೇ ಬಿಡುತ್ತಾರೆ. ಜಗಳ ನಡೆಯುತ್ತಿರುವುದು ಈವ್ ಎಂಬ ಚಿಕ್ಕ ವಯಸ್ಸಿನ ಹುಡುಗಿಯ ವಿಷಯಕ್ಕೆ, ಮಾರ್ಗೊಗೆ ನಲವತ್ತು ತುಂಬಿದೆ. ಚಾಕೊಲೇಟಿನ ಬಗ್ಗೆ ಒಂದು ಮಾತಿಲ್ಲ, ವಯಸ್ಸಿನ ಭಯವೆಲ್ಲ ಆ ಕೈಯಲ್ಲಿದೆ. ಈ ಪಾತ್ರ ಮೊದಲು ನಟಿ ಕ್ಲಾಡೆಟ್ ಕೋಲ್ಬರ್ಟ್ ಅವರಿಗೆ ನಿಗದಿಯಾಗಿತ್ತು, ಬೆನ್ನಿಗೆ ಪೆಟ್ಟಾಗಿ ಅವರು ಬಿಡಬೇಕಾಯಿತು. ಡೇವಿಸ್ ಬರುವ ಹೊತ್ತಿಗೆ ಗಂಟಲಿನ ರಕ್ತನಾಳ ಒಡೆದು ದನಿ ಗೊಗ್ಗರಾಗಿತ್ತು. ನಿರ್ದೇಶಕ ಜೋಸೆಫ್ ಮ್ಯಾಂಕಿವಿಚ್ ಅದನ್ನೇ ಉಳಿಸಿಕೊಂಡರು, ಪಾತ್ರಕ್ಕೆ ಲಾಭವೇ ಆಯಿತು. ಪೆಟ್ರೋಲ್ ಮುಗಿದು ನಿಂತ ಕಾರಿನೊಳಗೆ, ತುಪ್ಪಳದ ಕೋಟು ಸುತ್ತಿಕೊಂಡು ಮಾತಾಡುವಾಗ ಅದೇ ದನಿ ತಗ್ಗಿ ಬೇರೆ ಹೆಂಗಸೇ ಎದುರು ಕೂತಂತಾಗುತ್ತದೆ. ಕೊರತೆಯೂ ಇದೆ: ಮದುವೆಯ ನಿರ್ಧಾರವಾದ ಮೇಲೆ ಚಿತ್ರ ಈವ್ ಕೈಗೆ ಹೋಗುತ್ತದೆ, ಡೇವಿಸ್‌ಗೆ ಕೆಲಸವಿಲ್ಲ.

ಹಾಲಿಡೇ ಅವರನ್ನು ‘ಹಾಸ್ಯ ಪಾತ್ರಕ್ಕೆ ಆಸ್ಕರ್ ಕೊಟ್ಟುಬಿಟ್ಟರು’ ಎಂದು ಹಗುರವಾಗಿ ಮಾತಾಡುವವರು ಇಸ್ಪೀಟಿನ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು. ಆಟ ಜಿನ್ ರಮ್ಮಿ. ಎದುರಿಗೆ ಬ್ರಾಡ್ರಿಕ್ ಕ್ರಾಫರ್ಡ್, ಗುಜರಿ ವ್ಯಾಪಾರದಲ್ಲಿ ದುಡ್ಡು ಮಾಡಿದ ಒರಟ. ಹಾಲಿಡೇ ಮಾಡಿದ ಬಿಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಬಿಚ್ಚುತ್ತಾಳೆ, ಒಂದನ್ನು ತೆಗೆದು ಆ ತುದಿಗೆ ಸಿಕ್ಕಿಸುತ್ತಾಳೆ, ಇನ್ನೊಂದನ್ನು ಈ ತುದಿಗೆ, ಜೊತೆಗೊಂದು ಗುನುಗು. ನಿಮಿಷಗಟ್ಟಲೆ ಮಾತೇ ಇಲ್ಲ. ಆಟ ಮುಗಿದಾಗ ಸೋತವನು ಅವನು. ಅವಳು ದಡ್ಡಿಯಲ್ಲ ಎಂದು ನಮಗೆ ಮೊದಲು ಗೊತ್ತಾಗುವುದು ಅಲ್ಲಿ, ಕನ್ನಡಕ ಹಾಕಿಕೊಂಡು ಪುಸ್ತಕ ಹಿಡಿದಾಗಲ್ಲ. 1946ರಿಂದ ಬ್ರಾಡ್‌ವೇ ರಂಗದಲ್ಲಿ ಇದೇ ಪಾತ್ರ ಮಾಡುತ್ತಿದ್ದವರು ಇವರು. ಹಾಗೆ ಬಂದವರು ಕ್ಯಾಮೆರಾ ಮುಂದೆ ಸಾಮಾನ್ಯವಾಗಿ ಎಡವುವುದು ನಗೆಗೆ ಜಾಗ ಬಿಡುವುದರಲ್ಲಿ. ಪ್ರೇಕ್ಷಕರು ನಗಲಿ ಎಂದು ಕಾಯುತ್ತಾರೆ, ತೆರೆಯ ಮೇಲೆ ಅದು ಹೊಂಡದಂತೆ ಕಾಣುತ್ತದೆ. ಹಾಲಿಡೇ ಅವರಲ್ಲಿ ಆ ಹೊಂಡಗಳಿಲ್ಲ. ಎರಡನೇ ಅರ್ಧದ ಪ್ರಜಾಪ್ರಭುತ್ವದ ಪಾಠಗಳು ಎಳೆದಂತಾಗುತ್ತವೆ, ಅದು ಬರವಣಿಗೆಯ ತಪ್ಪು.

ಸ್ವಾನ್ಸನ್ ಬಗ್ಗೆ ಬೇರೆ ಪ್ರಶ್ನೆಯೇ ಬಂದಿದೆ, ಅಲ್ಲಿ ನೋಡಿ.

ಪಾರ್ಕರ್ ಮಾಡಿದ್ದು ಮೇರಿ ಆ್ಯಲನ್ ಎಂಬ 19ರ ಗರ್ಭಿಣಿ ಕೈದಿಯ ಪಾತ್ರ. ಮೊದಲ ಭಾಗದಲ್ಲಿ ಉಸಿರಿನಷ್ಟೇ ತೆಳುವಾದ ಎತ್ತರದ ದನಿ. ಕೊನೆಯಲ್ಲಿ ಚಪ್ಪಟೆ, ತಗ್ಗು, ಆತುರವಿಲ್ಲದ ದನಿ. ಎರಡೂ ಸರಿಯಾಗಿವೆ, ನಡುವಿನ ಮೆಟ್ಟಿಲುಗಳು ಕಾಣೆ. ವಾರ್ಡರ್ ತಲೆ ಬೋಳಿಸುವ ದೃಶ್ಯ ಬಂದು ಬದಲಾವಣೆಯ ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಹಾಗಂತ ತಳ್ಳಿಹಾಕುವ ಅಭಿನಯವಲ್ಲ. ವೆನಿಸ್ ಚಿತ್ರೋತ್ಸವ ಇದಕ್ಕೇ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟಿತು.

ಬ್ಯಾಕ್ಸ್‌ಟರ್ ಅವರ ತೊಂದರೆ ಏನೆಂದರೆ ಈವ್‌ಳ ವಿನಯ ಮೊದಲ ಹತ್ತು ನಿಮಿಷದಲ್ಲೇ ನಾಟಕದಂತೆ ಕಾಣುತ್ತದೆ. ಅದೇ ಪಿಸುದನಿ, ಅದೇ ಅರ್ಧ ಇಳಿಸಿದ ಕಣ್ಣು. ನಮಗೇ ಅನುಮಾನ ಬಂದ ಮೇಲೆ, ಲೋಕ ಕಂಡ ರಂಗಭೂಮಿಯವರು ಅಷ್ಟು ದಿನ ಹೇಗೆ ಮೋಸಹೋದರು ಎನ್ನಿಸುತ್ತದೆ. ಹೋಟೆಲ್ ಕೋಣೆಯಲ್ಲಿ ವಿಮರ್ಶಕನ ಪಾತ್ರದ ಜಾರ್ಜ್ ಸ್ಯಾಂಡರ್ಸ್ ಅವಳ ಒಂದೊಂದೇ ಸುಳ್ಳನ್ನು ಬಿಚ್ಚುವಾಗ ಮಾತ್ರ ಆ ಪಿಸುದನಿ ಒಡೆಯುತ್ತದೆ. ಇಡೀ ಚಿತ್ರದಲ್ಲಿ ಅವರ ನಿಜವಾದ ಗಟ್ಟಿ ದೃಶ್ಯ ಅದು.

ಪ್ರ: ಸ್ವಾನ್ಸನ್ ಅವರದು ಶುದ್ಧ ಓವರ್ ಆ್ಯಕ್ಟಿಂಗ್ ಅಲ್ಲವೇ? ಕಣ್ಣು ಅಷ್ಟಗಲ, ಬೆರಳುಗಳೆಲ್ಲ ಉಗುರಿನ ತನಕ ಸೆಟೆದುಕೊಂಡು... ನಮಗಂತೂ ನಗು ಬಂತು.
— ಓದುಗರು, ಚಿಕ್ಕಮಗಳೂರು

ಉ: ನಗು ಬಂದರೆ ತಪ್ಪಿಲ್ಲ, ನಿರ್ದೇಶಕ ಬಿಲ್ಲಿ ವೈಲ್ಡರ್‌ಗೂ ಅದು ಸ್ವಲ್ಪ ಬೇಕಿತ್ತು. ಆದರೆ ಅತಿ ಮಾಡುತ್ತಿರುವುದು ಪಾತ್ರವಾದ ನಾರ್ಮಾ, ಅದನ್ನು ಮಾಡಿದ ಸ್ವಾನ್ಸನ್ ಅಲ್ಲ. ನಾರ್ಮಾ ಡೆಸ್ಮಂಡ್ ಮೂಕಿ ಚಿತ್ರದ ತಾರೆ. ದನಿಯಿಲ್ಲದ ಕಾಲದಲ್ಲಿ ಕೈ, ಕಣ್ಣು, ಕತ್ತಿನಿಂದಲೇ ಎಲ್ಲವನ್ನೂ ಹೇಳಬೇಕಿತ್ತು. ಆ ಕಾಲ ಹೋದರೂ ಅವಳ ಕೈ ಇಳಿದಿಲ್ಲ. ಕಂಪನಿ ನಾಟಕ ನೋಡಿ ಬೆಳೆದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಪಕ್ಕ ಕೂತು ಈ ಚಿತ್ರ ನೋಡಿ, ಅವರಿಗೆ ಈ ಮೈಕಟ್ಟು ತಟ್ಟನೆ ಗುರುತು ಹತ್ತುತ್ತದೆ. ಸ್ವಾನ್ಸನ್ ಸ್ವತಃ ಮೂಕಿಯ ದೊಡ್ಡ ತಾರೆ. ನಾರ್ಮಾ ತನ್ನ ಹಳೆಯ ಚಿತ್ರವೆಂದು ಮನೆಯಲ್ಲಿ ಹಾಕಿ ತೋರಿಸುವ ತುಣುಕು ಸ್ವಾನ್ಸನ್ ನಟಿಸಿದ್ದ ‘ಕ್ವೀನ್ ಕೆಲಿ’ಯದು. ಅದನ್ನು ನಿರ್ದೇಶಿಸಿದ್ದ ಎರಿಕ್ ವಾನ್ ಸ್ಟ್ರೋಹೈಮ್ ಇಲ್ಲಿ ಅವಳ ಬಟ್ಲರ್ ಪಾತ್ರದಲ್ಲಿದ್ದಾರೆ.

ಹತೋಟಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಎರಡು ದೃಶ್ಯ ಸಾಕು. ಒಂದು, ಅವಳು ಚಾಪ್ಲಿನ್ ವೇಷ ಹಾಕಿ ಕುಣಿಯುವುದು. ಅಷ್ಟು ಹಗುರವಾದ ಹೆಜ್ಜೆ, ಅಷ್ಟು ಚುರುಕಾದ ಮೀಸೆಯ ಕುಣಿತ ಹತೋಟಿ ಇಲ್ಲದವರಿಗೆ ಬರುವುದಿಲ್ಲ. ಎರಡು, ಸ್ಟುಡಿಯೋದಲ್ಲಿ ಕೂತಾಗ ಮೇಲಿನಿಂದ ಬಂದ ಮೈಕು ಟೋಪಿಯ ಗರಿಗೆ ತಾಗುತ್ತದೆ. ಅದನ್ನು ಅಸಹ್ಯದಿಂದ ಕೈಯಲ್ಲಿ ಆಚೆ ತಳ್ಳುತ್ತಾಳೆ. ಅವಳ ಬದುಕನ್ನು ಮುಗಿಸಿದ್ದು ಅದೇ ಮೈಕು. ಆಮೇಲೆ ಹಳೆಯ ಲೈಟ್‌ಮ್ಯಾನ್ ಒಬ್ಬ ಮೇಲಿಂದ ಬೆಳಕನ್ನು ಅವಳತ್ತ ತಿರುಗಿಸಿದಾಗ ಆ ಮುಖದ ಬಿಗಿಯೆಲ್ಲ ಇಳಿಯುತ್ತದೆ.

ಹಾಗಿದ್ದೂ ಮೂರನೇ ಸ್ಥಾನವೇಕೆ? ಅವರಿಗೆ ಸಿಕ್ಕ ಆಸರೆ ದೊಡ್ಡದು. ಬಂಗಲೆ, ಬೆಳಕು, ನಾಯಕನಟ ವಿಲಿಯಂ ಹೋಲ್ಡನ್ ಅವರ ನಿರೂಪಣೆ ಎಲ್ಲವೂ ನಾರ್ಮಾಳನ್ನು ಪ್ರತಿ ಹೆಜ್ಜೆಗೂ ವಿವರಿಸುತ್ತವೆ. ಡೇವಿಸ್‌ಗೂ ಹಾಲಿಡೇಗೂ ಅಷ್ಟು ಜನ ಹೊರುವವರಿರಲಿಲ್ಲ.

ಪ್ರ: ನಮ್ಮ ಕಾಲೇಜಿನ ನಾಟಕ ಸ್ಪರ್ಧೆಗೂ ಇದೇ ಬಗೆಯಲ್ಲಿ ಅಂಕ ಹಾಕಬಹುದೇ? ಪ್ರತಿ ವರ್ಷ ಯಾರು ಹೆಚ್ಚು ಅಳುತ್ತಾರೋ ಅವರಿಗೇ ಬಹುಮಾನ ಹೋಗುತ್ತಿದೆ.
— ಉಪನ್ಯಾಸಕರು, ಅರಸೀಕೆರೆ

ಉ: ಹಾಕಬಹುದು. 100 ಅಂಕವನ್ನು ಹೀಗೆ ಹಂಚಿ: ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದಕ್ಕೆ 25, ಪಾತ್ರ ಹಂತ ಹಂತವಾಗಿ ಬದಲಾಗುವುದಕ್ಕೆ 25, ದನಿಗೆ 20, ಮೈ-ಕೈಗೆ 20, ಬರವಣಿಗೆಯಲ್ಲಿ ಇಲ್ಲದ್ದನ್ನು ನಟಿ ತಂದದ್ದಕ್ಕೆ 10. ಕಣ್ಣೀರು, ಮೇಕಪ್, ಕಾಯಿಲೆ, ಮುದಿತನದ ವೇಷಕ್ಕೆ ಪ್ರತ್ಯೇಕ ಅಂಕ ಬೇಡ. ಇವು ಪಾತ್ರದ ಜೊತೆ ಪುಕ್ಕಟೆ ಬರುವಂಥವು.

ತೀರ್ಪುಗಾರರು ಸಾಮಾನ್ಯವಾಗಿ ಮಾತಾಡುತ್ತಿರುವವರನ್ನೇ ನೋಡುತ್ತಾರೆ. ಅದರಿಂದ ಕೇಳಿಸಿಕೊಳ್ಳುವ 25 ಅಂಕ ಊಹೆಯ ಮೇಲೆ ಬೀಳುತ್ತದೆ. ಮೂವರು ತೀರ್ಪುಗಾರರಿದ್ದರೆ, ಮಾತಿಲ್ಲದ ಹೊತ್ತಿನಲ್ಲಿ ಆ ನಟಿಯನ್ನು ಮಾತ್ರ ನೋಡುವ ಕೆಲಸ ಒಬ್ಬರಿಗಿರಲಿ. ಎದುರಿನವರ ಮಾತು ಮುಗಿಯುವ ಮೊದಲೇ ಮುಖದಲ್ಲಿ ಉತ್ತರ ಸಿದ್ಧವಾಗಿದ್ದರೆ 25ರಲ್ಲಿ 10ಕ್ಕಿಂತ ಹೆಚ್ಚು ಕೊಡಬೇಡಿ. ಆಕೆ ಕೇಳುತ್ತಿಲ್ಲ, ತನ್ನ ಸರದಿಗೆ ಕಾಯುತ್ತಿದ್ದಾಳೆ. ಬದಲಾವಣೆಯ ಅಂಕವನ್ನು ಮೂರು ಜಾಗದಲ್ಲಿ ಹಾಕಿ: ಪ್ರವೇಶ, ನಡುವಿನ ಒಂದು ಸಪ್ಪೆ ದೃಶ್ಯ, ಕೊನೆ. ಸಪ್ಪೆ ದೃಶ್ಯವೇ ಮುಖ್ಯ, ಅಲ್ಲಿ ನಾಟಕಕಾರ ಸಹಾಯಕ್ಕೆ ಬರುವುದಿಲ್ಲ.

ಈ ಅಳತೆಯಲ್ಲಿ ಪಾರ್ಕರ್‌ಗೆ ಬದಲಾವಣೆಯಲ್ಲಿ ನಾವು 14 ಕೊಡುತ್ತೇವೆ, ದನಿಯಲ್ಲಿ 18. ಬ್ಯಾಕ್ಸ್‌ಟರ್‌ಗೆ ಕೇಳಿಸಿಕೊಳ್ಳುವುದರಲ್ಲಿ 20, ದನಿಯಲ್ಲಿ 10. ಒಬ್ಬರನ್ನು ಒಂದೇ ಅಂಕಿಯಲ್ಲಿ ಅಳೆದಿದ್ದರೆ ಈ ಏರುಪೇರು ಕಾಣುತ್ತಿರಲಿಲ್ಲ.

ಹುಚ್ಚಿನ ಪಾತ್ರಗಳಿಗೆ ಇನ್ನೊಂದು ಎಚ್ಚರ. 1971ರ ‘ಶರಪಂಜರ’ದಲ್ಲಿ ಕಲ್ಪನಾ ಅವರ ಕಾವೇರಿಯನ್ನು ನೆನೆಯುವವರೆಲ್ಲ ಅಬ್ಬರದ ದೃಶ್ಯಗಳನ್ನೇ ಹೇಳುತ್ತಾರೆ. ಆ ದೃಶ್ಯಗಳಿಗೆ ತೂಕ ಬಂದದ್ದು ಕಾವೇರಿ ಆರೋಗ್ಯವಾಗಿ, ನಗುತ್ತಾ ಇದ್ದ ಭಾಗದಿಂದ. ನಾರ್ಮಾಳಿಗೆ ಅಂಥ ‘ಮೊದಲು’ ಇಲ್ಲ, ನಾವು ಕಾಣುವ ಹೊತ್ತಿಗೇ ಅವಳು ದಾಟಿ ಹೋಗಿದ್ದಾಳೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ವಿದ್ಯಾರ್ಥಿನಿ ಹುಚ್ಚಿಯ ಪಾತ್ರ ಮಾಡಿದರೆ ಹುಚ್ಚು ಹಿಡಿಯುವ ಮುಂಚಿನ ದೃಶ್ಯಕ್ಕೆ ಮೊದಲು ಅಂಕ ಬರೆದು, ಆಮೇಲೆ ಮುಂದಿನದನ್ನು ನೋಡಿ.

ಪ್ರ: ಒಂದೇ ಚಿತ್ರದಿಂದ ಇಬ್ಬರು ನಿಂತಿದ್ದರಿಂದ ಮತ ಒಡೆದು ಡೇವಿಸ್ ಸೋತರು ಎನ್ನುತ್ತಾರೆ. ನಿಜವೇ?
— ಓದುಗರು, ಸಕಲೇಶಪುರ

ಉ: ಇರಬಹುದು, ಆದರೆ ಸಾಬೀತು ಮಾಡಲಾಗದು. ಯಾರಿಗೆ ಎಷ್ಟು ಮತ ಬಂತು ಎಂಬುದನ್ನು ಅಕಾಡೆಮಿ ಹೊರಗೆ ಬಿಡುವುದಿಲ್ಲ. ಲೆಕ್ಕ ಹೇಗೆ ಕೆಡುತ್ತದೆ ಎಂದು ಮಾತ್ರ ತೋರಿಸಬಹುದು. 100 ಮತಗಳೆಂದು ಇಟ್ಟುಕೊಳ್ಳಿ: ಹಾಲಿಡೇ 27, ಡೇವಿಸ್ 25, ಸ್ವಾನ್ಸನ್ 24, ಬ್ಯಾಕ್ಸ್‌ಟರ್ 15, ಪಾರ್ಕರ್ 9. ಬ್ಯಾಕ್ಸ್‌ಟರ್ ಪೋಷಕ ನಟಿ ವಿಭಾಗಕ್ಕೆ ಹೋಗಿದ್ದು ಆ 15ರಲ್ಲಿ ಮೂರು ಮತ ಹೆಚ್ಚಾಗಿ ಡೇವಿಸ್‌ಗೆ ಬಿದ್ದಿದ್ದರೂ ಫಲಿತಾಂಶ ಬೇರೆ. ಪಂಚಾಯ್ತಿ ಚುನಾವಣೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಲೆಕ್ಕದಲ್ಲಿ ಬ್ಯಾಕ್ಸ್‌ಟರ್‌ಗಿಂತ ಹೆಚ್ಚು ಒಡೆದದ್ದು ಸ್ವಾನ್ಸನ್. ವಯಸ್ಸಾಗುತ್ತಿರುವ ತಾರೆಯ ಪಾತ್ರ ಎರಡೂ ಕಡೆ ಇತ್ತು, ಅಂಥ ಪಾತ್ರ ಮೆಚ್ಚುವವರು ಎರಡು ಭಾಗವಾದರು. ಆ ವರ್ಷದ ಬೇರೆ ಪ್ರಶಸ್ತಿಗಳೂ ಹಾಗೇ ಚದುರಿವೆ. ಗೋಲ್ಡನ್ ಗ್ಲೋಬ್‌ನಲ್ಲಿ ಡ್ರಾಮಾಗೆ ಸ್ವಾನ್ಸನ್, ಹಾಸ್ಯಕ್ಕೆ ಹಾಲಿಡೇ. ನ್ಯೂಯಾರ್ಕ್ ವಿಮರ್ಶಕರದು ಮತ್ತು ಮರುವರ್ಷ ಕಾನ್ ಚಿತ್ರೋತ್ಸವದ್ದು ಡೇವಿಸ್‌ಗೆ.

ಇಬ್ಬರು ನಿಂತರೆ ಸೋಲೇ ಗತಿ ಎಂಬ ನಿಯಮವೇನೂ ಇಲ್ಲ. 1983ರ ‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’ನಿಂದ ಶರ್ಲಿ ಮೆಕ್ಲೇನ್, ಡೆಬ್ರಾ ವಿಂಗರ್ ಇಬ್ಬರೂ ನಿಂತಿದ್ದರು, ಮೆಕ್ಲೇನ್ ಗೆದ್ದರು. 1991ರ ‘ಥೆಲ್ಮಾ ಆ್ಯಂಡ್ ಲೂಯಿಸ್’ನ ಇಬ್ಬರೂ ಸೋತರು.

ಪ್ರ: ಗೆದ್ದಾಗ ಹಾಲಿಡೇ ವೇದಿಕೆಯಲ್ಲಿ ಏನು ಮಾತಾಡಿದರು?
— ಓದುಗರು, ಬೇಲೂರು

ಉ: ಅವರು ಹಾಲಿವುಡ್‌ನಲ್ಲಿ ಇರಲೇ ಇಲ್ಲ. ನ್ಯೂಯಾರ್ಕಿನ ಒಂದು ರೆಸ್ಟೋರೆಂಟಿನಲ್ಲಿ ರೇಡಿಯೋ ಮುಂದೆ ಇದ್ದರು. ಜೊತೆಗಿದ್ದವರಲ್ಲಿ ಸ್ವಾನ್ಸನ್ ಕೂಡ ಒಬ್ಬರು!

ಪ್ರ: ‘ಕೇಜ್ಡ್’ನ ಪಾರ್ಕರ್ ಮುಖ ಎಲ್ಲೋ ನೋಡಿದಂತಿದೆ.
— ಓದುಗರು, ಕಡೂರು

ಉ: ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಬ್ಯಾರನೆಸ್ ಇವರೇ.

ಪ್ರ: ನಾವು ಹನ್ನೊಂದು ಜನ ಮಳೆಗಾಲದ ಭಾನುವಾರಗಳಲ್ಲಿ ಈ ನಾಲ್ಕೂ ಚಿತ್ರ ನೋಡಿ ನಮ್ಮದೇ ಕ್ರಮಾಂಕ ಮಾಡಬೇಕೆಂದಿದ್ದೇವೆ. ಏನೇನು ಗಮನಿಸಬೇಕು?
— ಗೆಳೆಯರ ಬಳಗ, ಮೂಡಿಗೆರೆ

ಉ: ಮೊದಲು ಟಿವಿ ಸರಿಮಾಡಿ. ಇವು ಹೆಚ್ಚುಕಡಿಮೆ ಚೌಕಾಕಾರದ ಚಿತ್ರಗಳು. ಟಿವಿ ಅದನ್ನು ಅಗಲಕ್ಕೆ ಎಳೆದರೆ ಮುಖ ಊದಿಕೊಳ್ಳುತ್ತದೆ, ಝೂಮ್ ಮಾಡಿದರೆ ಹಣೆಯೂ ಕೈಗಳೂ ಕತ್ತರಿಸಿ ಹೋಗುತ್ತವೆ. ಡೇವಿಸ್‌ರ ಕೈ ಹೋದರೆ ಅರ್ಧ ಡೇವಿಸ್ ಹೋದಂತೆ. ಎಡಬಲದಲ್ಲಿ ಕಪ್ಪು ಪಟ್ಟಿ ಇರಲಿ ಬಿಡಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಅದು ನಟಿಯ ಚಲನೆಯ ಲಯವನ್ನೇ ಕೆಡಿಸುತ್ತದೆ. ಸಬ್‌ಟೈಟಲ್ ಹಾಕಿಕೊಂಡು ಒಮ್ಮೆ ಪೂರ್ತಿ ನೋಡಿ, ಬಳಿಕ ಪ್ರತಿಯೊಬ್ಬರ ಎರಡು ದೃಶ್ಯಗಳನ್ನು ಸಬ್‌ಟೈಟಲ್ ಇಲ್ಲದೆ ಮತ್ತೆ ಹಾಕಿ. ಓದುತ್ತಿರುವ ಕಣ್ಣು ಮುಖ ನೋಡುವುದಿಲ್ಲ.

‘ಆಲ್ ಅಬೌಟ್ ಈವ್’ 138 ನಿಮಿಷ, ಅದನ್ನು ಮೊದಲ ವಾರ ನೋಡಿ. ಇಬ್ಬರು ಸ್ಪರ್ಧಿಗಳಿರುವ ಚಿತ್ರ ಕೊನೆಗೆ ಬಂದರೆ ಇಬ್ಬರ ನೆನಪೂ ಹಸಿಯಾಗಿದ್ದು ಉಳಿದವರು ಹಿಂದೆ ಬೀಳುತ್ತಾರೆ. ‘ಸನ್‌ಸೆಟ್ ಬುಲೆವಾರ್ಡ್’ (110 ನಿಮಿಷ) ಕೂಡ ಕೊನೆಗೆ ಬೇಡ, ಅದರ ಅಂತ್ಯ ಅಷ್ಟು ಜೋರಾಗಿದೆ. ‘ಕೇಜ್ಡ್’ ಕೊನೆಗಿರಲಿ.

ಚಿತ್ರ ಮುಗಿದ ಕೂಡಲೇ, ಕಾಫಿಗೆ ಏಳುವ ಮುಂಚೆ, ಪ್ರತಿಯೊಬ್ಬರೂ ಚೀಟಿಯಲ್ಲಿ ಅಂಕ ಬರೆದು ಡಬ್ಬಿಗೆ ಹಾಕಲಿ. ಚರ್ಚೆ ಮೊದಲಾದರೆ ಗಟ್ಟಿ ಗಂಟಲಿನವರ ಅಂಕವೇ ಎಲ್ಲರ ಅಂಕವಾಗುತ್ತದೆ. ನಾಲ್ಕೂ ಮುಗಿದ ಮೇಲೆ ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 4, ಹೀಗೆ ಕೊನೆಯದಕ್ಕೆ 1 ಎಂದು ಕೂಡಿಸಿ. ಹನ್ನೊಂದು ಜನಕ್ಕೆ ಒಬ್ಬರು ಪಡೆಯಬಹುದಾದ ಗರಿಷ್ಠ 55. ಸಮ ಬಂದರೆ ಹೆಚ್ಚು ಮೊದಲ ಸ್ಥಾನ ಪಡೆದವರು ಮುಂದೆ. ಅದೂ ಸಮವಾದರೆ ಇಬ್ಬರದೂ ಒಂದೊಂದು ದೃಶ್ಯವನ್ನು ದನಿ ಆಫ್ ಮಾಡಿ ಹಾಕಿ, ಮತ್ತೆ ಚೀಟಿ ಬರೆಯಿರಿ.