ಗೋಧಿಯಲ್ಲೂ ಗಾಜು, ಕಣ್ಣಲ್ಲೂ ಗಾಜು

ಪ್ರಶ್ನೆ: ನಮಸ್ಕಾರ ಸರ್. ಗೋಧಿ ಕ್ವಾಲಿಟಿ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ. ಅದರಲ್ಲಿ ವಿಟ್ರಿಯಾಸಿಟಿ ಅನ್ನೋ ಪದ ಪದೇ ಪದೇ ಬರುತ್ತೆ, ಡಿಕ್ಷನರಿಯಲ್ಲಿ ಗಾಜಿನ ಗುಣ ಅಂತಷ್ಟೇ ಇದೆ. ಗೋಧಿಗೂ ಗಾಜಿಗೂ ಏನು ಸಂಬಂಧ? ಸ್ಫಟಿಕತೆ ಅಂತ ಬರೀಬಹುದಾ?

ಉತ್ತರ: ಸ್ಫಟಿಕತೆ ಅಂತ ಮಾತ್ರ ಬರೀಬೇಡಿ, ದಯವಿಟ್ಟು. ಮಾತಲ್ಲಿ ನಾವು ಸ್ಫಟಿಕದ ಹಾಗೆ ತಿಳಿಯಾಗಿದೆ ಅಂತೀವಿ, ಅದಕ್ಕೇ ಗಾಜು ಸ್ಫಟಿಕ ಎರಡೂ ಒಂದೇ ಅನ್ಸುತ್ತೆ, ಆದ್ರೆ ವಿಜ್ಞಾನದಲ್ಲಿ ಇವೆರಡೂ ಎದುರುಬದುರು. ಸ್ಫಟಿಕದಲ್ಲಿ ಅಣುಗಳು ಪರೇಡ್‌ಗೆ ನಿಂತವರ ಥರ ಸಾಲಾಗಿ ಒಂದೇ ಕ್ರಮದಲ್ಲಿ ಇರ್ತವೆ, ಗಾಜಲ್ಲಿ ಆ ಸಾಲೇ ಇರಲ್ಲ, ಕರಗಿದ್ದ ವಸ್ತು ಬೇಗ ತಣ್ಣಗಾದಾಗ ಅಣುಗಳಿಗೆ ಸಾಲು ಕಟ್ಟೋಕೆ ಟೈಮ್ ಸಿಗದೆ ಎಲ್ಲಿದ್ವೋ ಅಲ್ಲೇ ಗಟ್ಟಿಯಾಗಿಬಿಡ್ತವೆ. ಇನ್ನೊಂದು ವಿಷ್ಯ, ಗಾಜುತನ ಅಂದ್ರೆ ಪಾರದರ್ಶಕ ಅಂತಾನೂ ಅಲ್ಲ. ಜ್ವಾಲಾಮುಖಿಯ ಲಾವಾ ಬೇಗ ಆರಿ ಆಗೋ ಅಬ್ಸಿಡಿಯನ್ ಅನ್ನೋ ಕಲ್ಲು ಸಾಮಾನ್ಯವಾಗಿ ಕಪ್ಪಗಿರುತ್ತೆ, ಆದ್ರೂ ಅದು ಅಪ್ಪಟ ಗಾಜೇ.

ಈಗ ಗೋಧಿಗೆ ಬರೋಣ. ಕಾಳನ್ನ ಅಡ್ಡಕ್ಕೆ ಕತ್ತರಿಸಿ ನೋಡಿದ್ರೆ ಕೆಲವು ಒಳಗೆ ಬೆಳ್ಳಗೆ ಸೀಮೆಸುಣ್ಣದ ಥರ ಕಾಣ್ತವೆ, ಕೆಲವು ಜೇನಿನ ಬಣ್ಣಕ್ಕೆ, ಬೆಳಕಿಗೆ ಹಿಡಿದ್ರೆ ಅರೆಬರೆ ಹೊಳೀತವೆ. ಬೆಳ್ಳಗಿರೋ ಕಾಳಲ್ಲಿ ಪಿಷ್ಟದ ಮಧ್ಯೆ ಸಣ್ಣ ಸಣ್ಣ ಗಾಳಿಯ ಸಂದುಗಳಿರ್ತವೆ, ಬೆಳಕು ಅಲ್ಲೆಲ್ಲ ಚದುರಿಹೋಗುತ್ತೆ, ಅದಕ್ಕೆ ಬಿಳಿ. ಇನ್ನೊಂದರಲ್ಲಿ ಪಿಷ್ಟದ ಕಣಗಳ ನಡುವೆ ಪ್ರೋಟೀನ್ ಒತ್ತೊತ್ತಾಗಿ ತುಂಬಿಕೊಂಡಿರುತ್ತೆ, ಸಂದಿರಲ್ಲ, ಬೆಳಕು ಒಳಗೆ ಹೋಗುತ್ತೆ. ಈ ಎರಡನೇ ಥರದ ಕಾಳು ನೂರಕ್ಕೆ ಎಷ್ಟಿವೆ ಅನ್ನೋ ಲೆಕ್ಕಾನೇ ಆ ಗೋಧಿಯ ವಿಟ್ರಿಯಾಸಿಟಿ. ಡ್ಯೂರಮ್ ಅನ್ನೋ ಗಟ್ಟಿ ಜಾತಿಯ ಗೋಧಿಯಲ್ಲಿ ಇದು ತುಂಬಾ ಮುಖ್ಯ, ಯಾಕಂದ್ರೆ ಗಾಜುತನ ಜಾಸ್ತಿ ಇದ್ರೆ ಬೀಸುವಾಗ ಒಳ್ಳೆ ರವೆ ಬರುತ್ತೆ, ಕಮ್ಮಿ ಇದ್ರೆ ಹಿಟ್ಟಾಗೋದೇ ಹೆಚ್ಚು, ಪಾಸ್ತಾ ಮಾಡೋರಿಗೆ ಬೇಕಾಗಿರೋದು ರವೆ. ಅಂದ್ರೆ ಇಲ್ಲಿ ಗಾಜು ಅನ್ನೋದು ನೋಟಕ್ಕೆ ಕೊಟ್ಟ ಹೆಸರು ಅಷ್ಟೇ, ಕಾಳು ಕರಗಿ ಗಟ್ಟಿಯಾಗಿದ್ದಲ್ಲ.

ಖನಿಜಗಳ ಪುಸ್ತಕದಲ್ಲೂ ಹಾಗೇನೇ. ಕ್ವಾರ್ಟ್ಜ್‌ಗೆ ವಿಟ್ರಿಯಸ್ ಹೊಳಪು ಅಂತ ಬರೆದಿರ್ತಾರೆ, ಕ್ವಾರ್ಟ್ಜ್ ಅಪ್ಪಟ ಸ್ಫಟಿಕ, ಅದರ ಮೈ ಮಾತ್ರ ಗಾಜಿನ ಥರ ಮಿನುಗುತ್ತೆ. ಹಾಗಾಗಿ ಈ ಪದ ಸಿಕ್ಕಾಗೆಲ್ಲ ಹೊಳಪಿನ ಮಾತಾ, ನೋಟದ ಮಾತಾ, ಒಳಗಿನ ರಚನೆಯ ಮಾತಾ ಅಂತ ಮೊದಲು ನೋಡಿ. ಕನ್ನಡದಲ್ಲಿ ನನ್ನ ಆಯ್ಕೆ ಗಾಜುತನ. ಕಾಚ ಅನ್ನೋ ಸಂಸ್ಕೃತ ಪದದಿಂದ ಏನಾದ್ರೂ ಕಟ್ಟಬಹುದು, ಆದ್ರೆ ಓದೋರು ಅಲ್ಲೇ ಎಡವ್ತಾರೆ. ವಿಟ್ರಿಫಿಕೇಶನ್ ಅಂತ ಬಂದ್ರೆ ಅದು ಬೇರೆ, ಗಾಜಾಗೋ ಕ್ರಿಯೆ, ಐವಿಎಫ್‌ನಲ್ಲಿ, ಅಂದ್ರೆ ದೇಹದ ಹೊರಗೆ ಗರ್ಭ ಕಟ್ಟಿಸೋ ಚಿಕಿತ್ಸೆಯಲ್ಲಿ, ಭ್ರೂಣವನ್ನ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಥಟ್ಟಂತ ತಣ್ಣಗೆ ಮಾಡೋದು ಒಳಗಿನ ನೀರು ಐಸ್ ಹರಳಾಗಿ ಜೀವಕೋಶ ಸೀಳದೆ ಗಾಜಾಗಲಿ ಅಂತಾನೇ.

ಪ್ರಶ್ನೆ: ಅಮ್ಮನ ಕಣ್ಣಿನ ರಿಪೋರ್ಟಲ್ಲಿ ವಿಟ್ರಿಯಸ್ ಡಿಟ್ಯಾಚ್‌ಮೆಂಟ್ ಅಂತ ಬರೆದಿದಾರೆ. ಗಾಬರಿ ಆಗ್ಬೇಕಾ?

ಉತ್ತರ: ಪದ ಅದೇ ಮನೆತನದ್ದು. ಕಣ್ಣುಗುಡ್ಡೆ ಒಳಗೆ ತುಂಬಿಕೊಂಡಿರೋ ತಿಳಿ ಜೆಲ್‌ಗೆ ವಿಟ್ರಿಯಸ್ ಅಂತಾರೆ, ಗಾಜಿನ ಹಾಗೆ ಕಾಣುತ್ತೆ ಅಂತ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ನೀರೇ. ವಯಸ್ಸಾಗ್ತಾ ಆ ಜೆಲ್ ತೆಳ್ಳಗಾಗಿ ಹಿಂದಿನ ರೆಟಿನಾದಿಂದ, ಅಂದ್ರೆ ಬೆಳಕು ಗ್ರಹಿಸೋ ಪದರದಿಂದ, ಬಿಡಿಸಿಕೊಳ್ಳುತ್ತೆ, ಬಹಳ ಜನಕ್ಕೆ ಆಗುತ್ತೆ, ಹೆಚ್ಚಿನವರಿಗೆ ತೊಂದರೆ ಇಲ್ಲ. ಆದ್ರೆ ಇದ್ದಕ್ಕಿದ್ದ ಹಾಗೆ ಕಣ್ಣ ಮುಂದೆ ಮಿಂಚು, ಕಪ್ಪು ಚುಕ್ಕೆಗಳ ರಾಶಿ, ಇಲ್ಲಾ ಪರದೆ ಇಳಿದ ಹಾಗೆ ಆದ್ರೆ ಅದು ರೆಟಿನಾ ಹರಿದಿರೋ ಸೂಚನೆ ಇರಬಹುದು, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ನಾಳೆ ನೋಡೋಣ ಅನ್ಬೇಡಿ.

ಪ್ರಶ್ನೆ: ಹಯಾಲಿನ್ ಅನ್ನೋದೂ ಇದೇ ಅರ್ಥನಾ?

ಉತ್ತರ: ಹೌದು, ವಿಟ್ರಿಯಸ್ ಲ್ಯಾಟಿನ್ ಕಡೆಯದು, ಹಯಾಲಿನ್ ಗ್ರೀಕ್ ಕಡೆಯದು, ಎರಡರ ಬೇರೂ ಗಾಜೇ. ಕೀಲಿನ ಮೂಳೆ ತುದಿಗೆ ಹೊದ್ದಿರೋ ನುಣುಪಾದ ಮೃದ್ವಸ್ಥಿಗೆ (ಕಾರ್ಟಿಲೇಜ್) ಹಯಾಲಿನ್ ಅಂತಾರೆ, ಬಣ್ಣವಿಲ್ಲದ ಫಂಗಸ್ ಎಳೆಗೂ ಅದೇ ಪದ. ಕ್ರೀಮ್ ಡಬ್ಬಿ ಮೇಲೆ ಕಾಣೋ ಹಯಲುರಾನಿಕ್ ಆಸಿಡ್ ಕೂಡ ಇಲ್ಲಿಂದಾನೇ ಬಂದಿದ್ದು, 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನ ವಿಟ್ರಿಯಸ್ ಜೆಲ್‌ನಿಂದ.